ಬೈಲುಕುಪ್ಪೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ

ಈ ರಜೆಯಲ್ಲಿ ಮಡಿಕೇರಿ ಕಡೆಗೆ ಹೊರಟಿದ್ದೀರಾ? ಹಾಗಾದರೆ ಒಂದು ದಿನ ಬೈಲುಕುಪ್ಪೆಗೆ ಇಟ್ಟುಕೊಳ್ಳಿ. ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಕುಶಾಲನಗರದಲ್ಲಿ ಬಸ್ಸಿಳಿದರೆ ಆಟೋ ಸಿಗುತ್ತೆ. ಟಿಬೆಟ್ ಬಿಟ್ಟು ಬಂದವರಿಗೆ ನಮ್ಮ ಸರ್ಕಾರ ಇಲ್ಲಿ ನೆಲ ಕೊಟ್ಟದ್ದು 1960ರ ಸುಮಾರಿಗೆ. ಅವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಮಠ ಕಟ್ಟಿದರು.

ಎಲ್ಲರೂ ಮೊದಲು ಹೋಗುವುದು ಚಿನ್ನದ ದೇವಸ್ಥಾನಕ್ಕೆ, ಅಂದರೆ ನಾಮ್‌ಡ್ರೋಲಿಂಗ್ ಮಠಕ್ಕೆ. ಒಳಗಿನ ಮೂರು ದೊಡ್ಡ ವಿಗ್ರಹಗಳನ್ನು ನೋಡಿ, “ಮೂವರೂ ಬುದ್ಧನೇ ಏನಮ್ಮಾ?” ಅಂತ ಮಕ್ಕಳು ಕೇಳೇ ಕೇಳ್ತಾರೆ. ನಡುವೆ ಇರುವವನು ಶಾಕ್ಯಮುನಿ ಬುದ್ಧ. ಕಲಶ ಹಿಡಿದವನು ದೀರ್ಘಾಯುಸ್ಸಿನ ಅಮಿತಾಯು. ಇನ್ನೊಬ್ಬರು 8ನೆಯ ಶತಮಾನದಲ್ಲಿ ಟಿಬೆಟ್ಟಿಗೆ ಧರ್ಮ ಒಯ್ದ ಗುರು ಪದ್ಮಸಂಭವ. ಇಂಥ ಮೂರ್ತಿಯನ್ನು ಮನಸ್ಸಿನೊಳಗೇ ಕಟ್ಟಿಕೊಳ್ಳುವುದು ಇವರ ಒಂದು ಧ್ಯಾನ. ದೊಡ್ಡವರಿಗೆ ಅದಕ್ಕೆ ಗುರುವಿನ ದೀಕ್ಷೆ ಬೇಕು. ಮಕ್ಕಳಿಗೆ ಆಟ ಸಾಕು. ಒಂದು ನಿಮಿಷ ನೋಡಿ ಕಣ್ಣು ಮುಚ್ಚಲಿ. ಕೈಯಲ್ಲಿ ಏನಿತ್ತು, ಬಟ್ಟೆಯ ಬಣ್ಣ ಯಾವುದು, ಹೇಳಲಿ.

ಅಲ್ಲಿಂದ ಸೆರಾ ಮಠಕ್ಕೆ ಹೋಗಿ. ಲಾಸಾದ ಬಳಿ 1419ರಲ್ಲಿ ಹುಟ್ಟಿದ ಮಠ ಇದು. 1970ರಲ್ಲಿ ಇಲ್ಲಿ ಮತ್ತೆ ನೆಲೆಯೂರಿತು. ತರ್ಕದ ಹೊತ್ತಿಗೆ ಹೋದರೆ ನೋಡಬೇಕು ಗದ್ದಲ! ನಿಂತವನು ಚಟ್ಟನೆ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಕೂತವನು ಉತ್ತರ ಕೊಡಬೇಕು. ಹೀಗೆ ಜಗಳವಾಡಿ ಗಟ್ಟಿಮಾಡಿಕೊಂಡ ವಿಚಾರವನ್ನು ಆಮೇಲೆ ಒಬ್ಬನೇ ಕೂತು ತಿರುವಿ ನೋಡುವುದೂ ಧ್ಯಾನವೇ. ಇದನ್ನು ತಿಳಿದರೆ ನಿಮ್ಮ ಮನೆಯ ವಾಚಾಳಿ ಮಗುವಿಗೆ ಎಷ್ಟು ಸಮಾಧಾನ!

ಉಸಿರಿನ ಧ್ಯಾನವಂತೂ ಬೌದ್ಧರ ಹಲವು ಪಂಥಗಳಲ್ಲಿ ಇದೆ. ಅದನ್ನು ಮನೆಯಲ್ಲೇ ಹೇಳಿಕೊಡಬಹುದು. ಮೂಗಿನ ತುದಿಯಲ್ಲಿ ಉಸಿರು ತಣ್ಣಗೆ ಬಂತೇ, ಬೆಚ್ಚಗೆ ಹೋಯಿತೇ, ಅಷ್ಟು ಗಮನಿಸಲಿ. ಎರಡು ನಿಮಿಷ ಸಾಕು. ಆದರೆ ಒಂದು ಮಾತು: ಗಲಾಟೆ ಮಾಡಿದ ಮಗುವನ್ನು “ಹೋಗು, ಧ್ಯಾನ ಮಾಡು” ಅಂತ ಮೂಲೆಗೆ ಕೂರಿಸಬೇಡಿ. ಶಿಕ್ಷೆಯಾದ ಮೇಲೆ ಅದು ಮತ್ತೆ ಧ್ಯಾನವಾಗುವುದು ಕಷ್ಟ.

ಇಲ್ಲಿ ಕೆಂಪು ಬಟ್ಟೆಯ ಪುಟ್ಟ ಸನ್ಯಾಸಿಗಳನ್ನು ಕಂಡಾಗ ಹೆತ್ತ ಕರುಳು ಚುರ್ ಅನ್ನದೇ ಇರದು. “ಅವರಮ್ಮ ಎಲ್ಲಿ?” ಅಂತ ಮಕ್ಕಳು ಕೇಳಿದರೆ ಮಾತು ಹಾರಿಸಬೇಡಿ. ಎಷ್ಟೋ ಮಕ್ಕಳ ಮನೆ ದೂರದ ಹಿಮಾಲಯದ ಊರುಗಳಲ್ಲಿದೆ ಅಂತ ನಿಜವನ್ನೇ ಹೇಳಿ. ಮೈತ್ರಿ ಧ್ಯಾನ ಅಂತ ಒಂದಿದೆ. ಮೊದಲು ನಾನು ಸುಖವಾಗಿರಲಿ, ಆಮೇಲೆ ನನ್ನವರು, ಆಮೇಲೆ ಗುರುತಿಲ್ಲದವರು, ಕೊನೆಗೆ ಜಗಳವಾಡಿದವರು ಕೂಡ, ಅಂತ ಹಾರೈಸುವುದು. ಗುರುತಿಲ್ಲದವರ ಸರದಿ ಬಂದಾಗ ಆ ಹುಡುಗನನ್ನೂ ಅವನ ಅಮ್ಮನನ್ನೂ ನೆನೆಯಲಿ.

ಹಾಂ, ಮಂತ್ರಚಕ್ರಗಳನ್ನು ಪ್ರದಕ್ಷಿಣೆಯ ದಿಕ್ಕಿಗೇ ತಿರುಗಿಸಬೇಕು. ಹಸಿವಾದರೆ ತುಕ್ಪಾ ಎಂಬ ಬಿಸಿಬಿಸಿ ಶಾವಿಗೆ ಸಾರು ಸಿಗುತ್ತೆ; ಮಾಂಸ ತಿನ್ನದವರು ಮೊದಲೇ ಕೇಳಿ ಹಾಕಿಸಿಕೊಳ್ಳಿ.