ಲೈನ್ ಕ್ಲಿಯರ್ ಆತೇನ್ರಿ?

ಗಾದಿಗನೂರಿನಲ್ಲಿ ಇಂಗ್ಲಿಷಿನ ಯಾವ ಶಬ್ದಕ್ಕೆ ಕೈತುಂಬ ಕೆಲಸ ಎಂದು ಕೇಳಿದರೆ ನನ್ನ ಓಟು ‘ಲೈನಿ’ಗೆ. ಹೊಸಪೇಟೆ-ಬಳ್ಳಾರಿ ನಡುವಿನ ಈ ಊರಿಗೆ ರೈಲಿನ ಲೈನುಂಟು, ಕರೆಂಟಿನ ಲೈನುಂಟು, ನೀರಿಗೆ ಪೈಪ್‌ಲೈನು. ರೇಷನ್ ಅಂಗಡಿ ಮುಂದೆ ಲೈನು. ಲಾರಿ ಡ್ರೈವರನ ಮನೆಯಲ್ಲಿ ‘ಅಣ್ಣ ಎಲ್ಲಿ?’ ಎಂದರೆ ‘ಲೈನಿಗೆ ಹೋಗ್ಯಾನ್ರಿ’ ಎನ್ನುತ್ತಾರೆ. ಬಸ್‌ಸ್ಟಾಂಡಿನಲ್ಲಿ ಹುಡುಗರು ಹೊಡೆಯುವ ಲೈನಂತೂ ನಿಘಂಟು ನೋಡಿ ಕಲಿತದ್ದಲ್ಲ. ಅದೇ ಹುಡುಗ ಮದುವೆಯಾದ ಮೇಲೆ ‘ಈಗ ಲೈನಿಗೆ ಬಂದಾನ’ ಎಂದು ಹಿರಿಯರು ಸಮಾಧಾನಪಡುತ್ತಾರೆ.

ಇಷ್ಟೆಲ್ಲ ಹೊರುವ ಶಬ್ದದ ಹುಟ್ಟು ಬರೀ ಒಂದು ನೂಲು. ಲ್ಯಾಟಿನ್ನಿನಲ್ಲಿ ‘ಲೀನುಮ್’ ಎಂದರೆ ಅಗಸೆ ಗಿಡ; ಅದರ ನಾರಿನ ದಾರ ‘ಲೀನಿಯ’. ದಾರ ಎಳೆದು ಹಿಡಿದರೆ ನೆಟ್ಟಗೆ ನಿಲ್ಲುತ್ತದಲ್ಲ, ಹಾಗೆ ದಾರವೇ ಗೆರೆಯಾಯಿತು. ಗಾರೆ ಕೆಲಸದವರು ಇವತ್ತಿಗೂ ಗೋಡೆ ಏಳಿಸುವ ಮುಂಚೆ ದಾರ ಕಟ್ಟಿಯೇ ಲೈನು ನೋಡುವುದು. ಲಿನನ್ ಬಟ್ಟೆ, ಕೋಟಿನ ಒಳಗಿನ ಲೈನಿಂಗು, ಬಡಗಿಯ ಲಿನ್‌ಸೀಡ್ ಎಣ್ಣೆ ಎಲ್ಲವೂ ಇದರ ದಾಯಾದಿಗಳೇ. ಡೆಡ್‌ಲೈನಿನ ಕಥೆ ಮಾತ್ರ ಕ್ರೂರ: ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಸುಮಾರಿಗೆ, ಸೆರೆಶಿಬಿರದೊಳಗೆ ಹಾಕಿದ ಗಡಿ ಅದು. ದಾಟಿದ ಕೈದಿಗೆ ಗುಂಡು. ಸಂಪಾದಕರು ಬರೀ ಫೋನ್ ಮಾಡುತ್ತಾರೆ, ಪುಣ್ಯ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ‘ಲೈನ್ ಕ್ಲಿಯರ್’. ಒಂಟಿ ಹಳಿಯ ಮಾರ್ಗಗಳಲ್ಲಿ ಮುಂದಿನ ಸ್ಟೇಷನ್ನಿನ ಮಾಸ್ತರರು ಒಪ್ಪಿದರೇ ಇಲ್ಲಿನ ಯಂತ್ರದಿಂದ ಲೋಹದ ಗುಂಡೊಂದು ಹೊರಬೀಳುತ್ತಿತ್ತು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು ಡ್ರೈವರನ ಕೈಗೆ ಕೊಡುತ್ತಿದ್ದರು. ಗುಂಡು ಕೈಗೆ ಬಾರದೆ ಗಾಡಿ ಕದಲುವಂತಿರಲಿಲ್ಲ. ಎದುರಿನಿಂದ ಇನ್ನೊಂದು ಬಂದೀತು. ಕರೆಂಟಿನವರದ್ದೂ ಇದೇ ಮಾತು. ಲೈನ್‌ಮನ್ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿನಿಂದ ‘ಎಲ್‌ಸಿ’ ತಗೊಳ್ಳಬೇಕು. ಇಳಿದು ಅವನೇ ಅದನ್ನು ವಾಪಸು ಕೊಡುವತನಕ ಯಾರೂ ಸ್ವಿಚ್ಚಿಗೆ ಕೈಹಚ್ಚಬಾರದು. ಗೆರೆ, ಸಾಲು, ಹಳಿ, ತಂತಿ ಎಂದು ಬೇರೆಬೇರೆ ಹೆಸರಿಟ್ಟು ಬಾಳಿದ ನಾವು ಎಲ್ಲವನ್ನೂ ಒಂದೇ ಶಬ್ದದ ಹೆಗಲಿಗೆ ಹೇರಿದ್ದೇವೆಂದು ಪಂಡಿತರು ಕೊರಗಬಹುದು. ನಾನು ಕೊರಗುವುದಿಲ್ಲ. ಹೆಣ್ಣಿನ ಕಡೆಯವರು ಒಪ್ಪಿದ ಸುದ್ದಿಗೂ ‘ಲೈನ್ ಕ್ಲಿಯರ್ ಆತು’ ಎನ್ನುವ ಊರು, ಶಬ್ದವನ್ನು ಸಾಲ ತಂದದ್ದಲ್ಲ, ದುಡಿಸಿಕೊಂಡದ್ದು.

ಇನ್ನು ಲೀನುಮ್ ಗಿಡ ಹುಡುಕಿಕೊಂಡು ರೋಮಿಗೇನೂ ಹೋಗಬೇಕಿಲ್ಲ. ನಮ್ಮ ಕಡೆ ಅಗಸಿ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟುತ್ತಾರೆ. ಜೋಳದ ರೊಟ್ಟಿಗೆ ಅದರ ಮೇಲೊಂದಿಷ್ಟು ಎಣ್ಣೆ ಬೇಕು. ಮೊಸರಿದ್ದರೆ ಎಣ್ಣೆ ಬೇಡ.