ಮಾಳಿಗೆ ಬಿಚ್ಚಿದವರು

ನಮ್ಮ ಸಿಂಧನೂರು ಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಮಣ್ಣಿನ ಮಾಳಿಗೆಯೆಂದರೇನೆಂದು ತಿಳಿಸಬೇಕಾಗಿಲ್ಲ. ತೊಲೆ, ಜಂತಿ, ಅವುಗಳ ಮೇಲೆ ಗೇಣು ದಪ್ಪ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೇರಿ ತುಳಿಯದಿದ್ದರೆ ಒಳಗಿನವರಿಗೆ ನಿದ್ರೆಯಿಲ್ಲ. ಆದ್ದರಿಂದಲೇ ಮಾರ್ಕನ ಸುವಾರ್ತೆಯಲ್ಲಿ ಬರುವ ಒಂದು ಕಥೆ ಚಿಕ್ಕಂದಿನಿಂದಲೂ ನನಗೆ ನಮ್ಮೂರಿನದೇ ಎನಿಸುತ್ತಿತ್ತು. ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ಕಿಕ್ಕಿರಿದಿದೆ. ಮಾಳಿಗೆಯನ್ನೇ ಬಿಚ್ಚಿ ಹಾಸಿಗೆಸಮೇತ ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. “ಆ ಮಾಳಿಗೀನ ಆಮ್ಯಾಲ ಯಾರು ಮುಚ್ಚಿದರು?” ಎಂದು ನಾನು ಕೇಳಿದಾಗ ಅವ್ವ ನಕ್ಕುಬಿಟ್ಟಿದ್ದಳು.

ನನ್ನ ತಮ್ಮನೂ ಹೊತ್ತು ತರಬೇಕಾದವನೇ. ಅವನಿಗಿರುವುದು ಸೆರೆಬ್ರಲ್ ಪಾಲ್ಸಿ. ಎಳೆಯ ಮೆದುಳಿಗೆ ಹುಟ್ಟುವ ಮೊದಲೋ ಹುಟ್ಟುವಾಗಲೋ ಆದ ಪೆಟ್ಟಿನಿಂದ ಕೈಕಾಲುಗಳು ಬಿಗಿದುಕೊಳ್ಳುತ್ತವೆ. ಆ ಪೆಟ್ಟು ಮಾಯುವುದಿಲ್ಲ, ಆದರೆ ದಿನವೂ ಅಂಗಸಾಧನೆ ಮಾಡಿಸಿದರೆ ಮೈ ಸಡಿಲವಾಗಿರುತ್ತದೆ, ಎಂದು ವೈದ್ಯರು ಹೇಳಿದರು. ನೆರೆಹೊರೆಯವರು ಬೇರೆಯೇ ಕಾರಣ ಹುಡುಕಿದರು: ಯಾರ ಪಾಪವಿದು? ಹುಟ್ಟುಕುರುಡನನ್ನು ಕಂಡಾಗ ಶಿಷ್ಯರೂ ಇದನ್ನೇ ಕೇಳಿದ್ದರು. ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂದು ಯೇಸು ಉತ್ತರಿಸಿದನೆಂದು ಯೋಹಾನನು ಬರೆದಿದ್ದಾನೆ. ಆ ಉತ್ತರವನ್ನು ವಾರವಾರವೂ ಓದುವ ನಮಗೇ ಅದು ಇನ್ನೂ ತಲುಪಿಲ್ಲವಲ್ಲ!

ಒಮ್ಮೆ ಪರಸ್ಥಳದ ಬೋಧಕರೊಬ್ಬರು ಪ್ರಾರ್ಥನಾಕೂಟಕ್ಕೆ ಬಂದರು. ತಮ್ಮನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ತಮ್ಮ ಏಳಲಿಲ್ಲ. “ತಾಯಿಗೆ ವಿಶ್ವಾಸ ಸಾಲದು” ಎಂದು ಹೇಳಿ ಮುಂದಿನವರ ಕಡೆಗೆ ತಿರುಗಿದರು. ಗದ್ದೆಯಲ್ಲಿ ಬಗ್ಗಿ ಭತ್ತದ ಸಸಿ ಹಚ್ಚಿ, ಮನೆಗೆ ಬಂದು ಆ ಮಗನ ಕೈಕಾಲು ತಿಕ್ಕಿ, ಅವನಿಗೆ ಉಣ್ಣಿಸಿದ ಮೇಲೆಯೇ ತಾನು ಉಣ್ಣುವ ನನ್ನ ತಾಯಿಗೆ ವಿಶ್ವಾಸ ಸಾಲದಂತೆ! ಅಂದಿನಿಂದ ಅವಳು ದೇವಾಲಯದ ಮೆಟ್ಟಿಲು ಹತ್ತಲಿಲ್ಲ.

ಪರರನ್ನು ದೂರುವ ಮೊದಲು ನನ್ನದನ್ನೂ ಹೇಳಿಬಿಡಬೇಕು. ಮರುವರ್ಷದ ಕ್ರಿಸ್ಮಸ್ಸಿಗೆ ಕಾಲೇಜಿನ ಗೆಳೆಯರು ಮನೆಗೆ ಬರುವವರಿದ್ದರು. “ಇವನನ್ನ ಒಳಗ ಇರಿಸು, ಅವ್ವಾ” ಎಂದೆ. ಅವಳು ಮಾತಾಡದೆ ಅವನನ್ನೆತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅವನು ಒಳಗಿನಿಂದ ಕೂಗುತ್ತಲೇ ಇದ್ದ. ಗೆಳೆಯರು ಆ ಸದ್ದೇನೆಂದು ಕೇಳಿದರು. ನೆರೆಮನೆಯದೆಂದೆ.

ಹೊಸದಾಗಿ ಬಂದ ಅಯ್ಯನವರು ಒಂದು ಸಂಜೆ ಮನೆಗೆ ಬಂದರು. ಬಂದವರು ವೇದಪುಸ್ತಕ ತೆರೆಯಲಿಲ್ಲ. ತಮ್ಮನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, “ಅಕ್ಕಾ, ನೀವು ಕಣ್ತುಂಬ ನಿದ್ದಿ ಮಾಡಿ ಎಷ್ಟು ದಿನ ಆತ್ರೀ?” ಎಂದು ಕೇಳಿದರು. ಅವ್ವ ಅಳತೊಡಗಿದಳು. ಹತ್ತೊಂಬತ್ತು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ. ಮುಂದಿನ ವಾರದಿಂದ ಸ್ತ್ರೀಯರ ಸಂಘದ ಇಬ್ಬರು ಸರದಿಯ ಮೇಲೆ ಬಂದು ಮಧ್ಯಾಹ್ನ ತಮ್ಮನನ್ನು ನೋಡಿಕೊಂಡರು, ಅವ್ವ ಮಲಗಿದಳು. ನಾವು ಹುಡುಗರು ಸೇರಿ ದೇವಾಲಯದ ಮೂರು ಮೆಟ್ಟಿಲುಗಳ ಪಕ್ಕಕ್ಕೆ ಶಹಾಬಾದ್ ಕಲ್ಲಿನ ಇಳಿಜಾರು ಕಟ್ಟಿದೆವು. ಆರಾಧನೆಯಲ್ಲಿ ತಮ್ಮ ಕೂಗಿದಾಗ ಕೆಲವರು ತಿರುಗಿ ನೋಡಿದರು. ಅಯ್ಯನವರು ಪ್ರಸಂಗ ನಿಲ್ಲಿಸಿ ಅವನತ್ತ ನಕ್ಕು, ಬಿಟ್ಟಲ್ಲಿಂದ ಮುಂದುವರಿಸಿದರು. ಈಗ ಯಾರೂ ತಿರುಗುವುದಿಲ್ಲ.

ಸೇವೆಯೆಂದರೆ ಕರುಣೆಯಿಂದ ಕೊಡುವುದಷ್ಟೇ ಎಂದು ತಿಳಿದಿದ್ದ ನನಗೆ ಡಾಕ್ಟರ್ ಮೇರಿ ವರ್ಗೀಸರ ಚರಿತ್ರೆ ಇನ್ನೊಂದನ್ನು ಕಲಿಸಿತು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಈ ತರುಣ ವೈದ್ಯೆ 1954ರಲ್ಲಿ ವಾಹನ ಅಪಘಾತಕ್ಕೊಳಗಾಗಿ, ಬೆನ್ನುಹುರಿ ಜಖಂಗೊಂಡು, ಎರಡೂ ಕಾಲುಗಳ ಬಲ ಕಳೆದುಕೊಂಡರು. ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರಿಗೆ ಪಿಂಚಣಿಯನ್ನಲ್ಲ, ಕೆಲಸವನ್ನು ತೋರಿಸಿದರು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಸೊಟ್ಟಾದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಅದರ ಹಿಂದಿನ ಶಕ್ತಿ ಅವರೇ. ಹೊತ್ತು ತರಬೇಕಾದವರೇ ಹೊರುವವರೂ ಆಗಬಲ್ಲರು. ಈಗ ನಮ್ಮ ಸಭೆಯಲ್ಲಿ ಕಾಣಿಕೆಯ ಚೀಲ ತಮ್ಮನ ತೊಡೆಯ ಮೇಲಿರುತ್ತದೆ. ಎಲ್ಲರೂ ಅವನ ಬಳಿಗೆ ಬರಲೇಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಸಾರ್ವಜನಿಕ ಕಟ್ಟಡಗಳಲ್ಲಿ ಅವರಿಗೆ ದಾರಿಯಿರಬೇಕೆನ್ನುತ್ತದೆ. ಅದು ಬೇಕೇ ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಅವನನ್ನು ಮಗ್ಗುಲು ತಿರುಗಿಸಲು ಕಾಯಿದೆ ಬರುವುದಿಲ್ಲ, ಮನುಷ್ಯರೇ ಬರಬೇಕು.

ಮೊನ್ನೆ ಅವ್ವ ಕೇಳಿದಳು: “ನಾ ಕಣ್ಣು ಮುಚ್ಚಿದ ಮ್ಯಾಲ ಇವನನ್ನ ಯಾರು ನೋಡ್ತಾರಪ್ಪಾ?” ನಾನೆಂದೆ. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಒಳಕೋಣೆಯ ಬಾಗಿಲು ಅವಳಿಗೂ ನೆನಪಾಗಿರಬೇಕು. “ಒಬ್ಬನ ಕೈಲೆ ಆಗೂದಿಲ್ಲೋ,” ಎಂದಳು. “ಆವತ್ತೂ ನಾಲ್ಕು ಮಂದಿ ಬೇಕಾಗಿತ್ತು.”

ಅವಳ ಮಾತು ದಿಟ. ನಾನು ಒಬ್ಬನಾಗುತ್ತೇನೆ. ಉಳಿದ ಮೂವರನ್ನು ಒದಗಿಸುವುದೇ ಸಭೆಯ ಸೇವೆ. ಬಿಚ್ಚಿದ ಮಾಳಿಗೆಯನ್ನು ಯಾರು ಮುಚ್ಚಿದರೆಂಬ ನನ್ನ ಬಾಲ್ಯದ ಪ್ರಶ್ನೆಗೂ ಈಗ ಉತ್ತರ ಹೊಳೆಯುತ್ತದೆ: ಜನ ಚೆದುರಿದ ಮೇಲೂ ಅಲ್ಲಿಯೇ ನಿಂತವರು.