ಬಾಗಿಲ ಸುಂಕ

ಬೇಲೂರಿನಿಂದ ಸಕಲೇಶಪುರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಿಕ್ಕುವ ಹೋಬಳಿಯ ಊರು ಬಿಕ್ಕೋಡು. ಇಲ್ಲಿಗೆ ಬರುವ ಹೊತ್ತಿಗೆ ಬಯಲು ಹಿಂದಾಗಿ, ಕಾಫಿಯ ತೋಟಗಳೂ ಅವಕ್ಕೆ ನೆರಳಾಗಿ ನಿಂತ ಮರಗಳೂ ಮೊದಲಾಗುವುವು. ಬೇಸಗೆಯ ಮೊದಲಲ್ಲಿ ಒಂದು ಹದಮಳೆ ಬಿದ್ದಿತೆಂದರೆ ತೋಟವೆಲ್ಲ ಬೆಳ್ಳಗೆ ಹೂವಾಗಿ, ಅದರ ಕಂಪು ಮನೆಯ ನಡುಮನೆಯವರೆಗೂ ಬರುತ್ತದೆ. ಈಚೆಗೆ ಕಾಡಾನೆಗಳ ಹಾವಳಿಯೂ ಈ ಸೀಮೆಗೆ ಸೇರಿಕೊಂಡಿರುವುದರಿಂದ, ಸಂಜೆಯಾದ ಮೇಲೆ ತೋಟದ ದಾರಿಯಲ್ಲಿ ಒಬ್ಬೊಬ್ಬರೇ ನಡೆಯಲು ಜನ ಹಿಂಜರಿಯುತ್ತಾರೆ. ಪ್ರವಾಸಿಗರು ನಮ್ಮೂರನ್ನು ನೋಡಲೆಂದು ಬರುವುದಿಲ್ಲ. ನಾವೇ ಇಲ್ಲಿಂದ ಪ್ರವಾಸಿಗರಾಗಿ ಹೊರಡಬೇಕು. ಹಾಗೆ ಹೋಗಿ ಬಂದವರು ಮೊದಲೆಲ್ಲ ಜಗುಲಿಯ ಮೇಲೆ ಕುಳಿತು ತಾವು ಕಂಡದ್ದನ್ನು ವರ್ಣಿಸುತ್ತಿದ್ದರು. ಈಗ ಎಲ್ಲಿ ಎಷ್ಟು ತೆತ್ತೆವೆಂಬುದೇ ಮಾತಿಗೆ ಮೊದಲಾಗಿದೆ.

ನಮ್ಮ ನೆರೆಮನೆಯವರು ಹೊಲಿಗೆಯ ಕಸುಬಿನವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅಜ್ಜಿ. ಕಳೆದ ಬೇಸಗೆಯ ರಜೆಯಲ್ಲಿ ಈ ಕುಟುಂಬದೊಡನೆ ನಾವು ಎರಡು ಪ್ರಯಾಣಗಳನ್ನು ಮಾಡಿದೆವು. ಒಂದು ಬೇಲೂರು ಹಳೇಬೀಡುಗಳಿಗೆ, ಇನ್ನೊಂದು ಮಕ್ಕಳ ಹಟಕ್ಕಾಗಿ ಮೈಸೂರಿನ ಕಡೆಯ ಒಂದು ಜಲಕ್ರೀಡೆಯ ಉದ್ಯಾನಕ್ಕೆ. ವಾಚಕರಿಗೆ ಈ ಎರಡನ್ನೂ ಜೊತೆಯಲ್ಲಿಟ್ಟು ಹೇಳುವುದು ಉಚಿತವೆಂದು ತೋರುತ್ತದೆ.

ಬೇಲೂರಿಗೆ ಸರಕಾರಿ ಬಸ್ಸಿನಲ್ಲಿ ಹೋದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೇರೆಗೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲವಷ್ಟೆ. ಅಜ್ಜಿಯೂ ಸೊಸೆಯೂ ಗುರುತಿನ ಚೀಟಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ರಾಣಿಯರಂತೆ ಕುಳಿತರು. ಕಾಸು ಕೊಟ್ಟು ಕುಳಿತವರು ಗಂಡಸರಾದ ನಾವು! 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಿಸಿದ ಚೆನ್ನಕೇಶವನ ಗುಡಿಗೆ ಇಂದಿಗೂ ಪ್ರವೇಶಶುಲ್ಕವಿಲ್ಲ. ಅಲ್ಲಿ ಪೂಜೆ ನಡೆಯುತ್ತಿದೆ. ಭಕ್ತನನ್ನು ತಡೆದು ಚೀಟಿ ಕೇಳುವವರಿಲ್ಲ. ಆದರೆ ಕಾರಿನಲ್ಲಿ ಬಂದವರು ವಾಹನ ನಿಲ್ಲಿಸುವುದಕ್ಕೂ, ವಿವರಣಕಾರನನ್ನು ಕರೆದುಕೊಂಡವರು ಅವನಿಗೂ ಹಣ ಕೊಡಬೇಕು. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಕಾಲಿಡಲಾರದವರು ಕಾಲುಚೀಲಗಳನ್ನು ಕೊಳ್ಳುವುದೂ ಉಂಟು. ನಾವು ಬೆಳಗಿನ ತಂಪಿನಲ್ಲೇ ಹೋದದ್ದರಿಂದ ಆ ಖರ್ಚು ತಪ್ಪಿತು. ಹೋಗುವವರಿಗೆ ನಮ್ಮ ಸಲಹೆಯೂ ಅದೇ.

ಅಜ್ಜಿಗೆ ಶಿಲ್ಪಶಾಸ್ತ್ರ ತಿಳಿಯದು. ಆದರೂ ಹೊರಗೋಡೆಯ ಕೆಳಸಾಲಿನ ಆನೆಗಳನ್ನು ನೋಡುತ್ತ ನಡೆದವರು ಒಂದು ಕಡೆ ನಿಂತು, “ಮೇಷ್ಟ್ರೇ, ಇವು ಒಂದರ ಹಾಗೆ ಇನ್ನೊಂದಿಲ್ಲ ನೋಡಿ. ನಮ್ಮ ತೋಟಕ್ಕೆ ಬರೋವು ಕೂಡ ಹೀಗೇ, ಒಂದೊಂದರ ನಡಿಗೆ ಒಂದೊಂದು ಥರ” ಎಂದರು. ನಾವು ವರ್ಷಗಟ್ಟಲೆ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹೇಳಿದ ಪಾಠಗಳಲ್ಲಿ ಇಂತಹ ಮಾತೊಂದೂ ಇರಲಿಲ್ಲ.

ಅಲ್ಲಿಂದ 16 ಕಿಲೋಮೀಟರು ದೂರದ ಹಳೇಬೀಡಿನಲ್ಲಿಯೂ ಹೊಯ್ಸಳೇಶ್ವರನ ಗುಡಿಗೆ ಶುಲ್ಕವಿಲ್ಲ. ಬಸ್ತಿಹಳ್ಳಿಯ ಜೈನ ಬಸದಿಗಳನ್ನೂ ಕೇದಾರೇಶ್ವರನನ್ನೂ ಹಾಗೆಯೇ ನೋಡಿಕೊಂಡು ಬಂದೆವು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಈ ಕೀರ್ತಿಯ ಹಿಂದೆಯೇ ಟಿಕೆಟ್ಟೂ ಬಂದೀತೆಂಬ ಅಳುಕು ಸುತ್ತಲಿನ ಹಳ್ಳಿಯವರ ಮಾತಿನಲ್ಲಿ ಆಗಾಗ ಕೇಳಿಬರುತ್ತದೆ.

ಎರಡನೆಯ ಪ್ರಯಾಣದ ಕಥೆ ಬೇರೆ. ಬಾಡಿಗೆಯ ವಾಹನ ಮಾಡಿಕೊಂಡು ಹೋದದ್ದರಿಂದ ಉದ್ಯಾನದ ಹೊರಬಾಗಿಲಲ್ಲೇ ನಿಲುಗಡೆಯ ಹಣ ತೆರಬೇಕಾಯಿತು. ಒಳಬಾಗಿಲಲ್ಲಿ ಮಕ್ಕಳ ದರವನ್ನು ವಯಸ್ಸು ಕೇಳಿ ಗೊತ್ತುಮಾಡುವುದಿಲ್ಲ. ಗೋಡೆಗೆ ಬಳಿದ ಒಂದು ಗೆರೆಗೆ ಮಗುವನ್ನು ಒರಗಿಸಿ ಎತ್ತರವನ್ನು ಅಳೆಯುತ್ತಾರೆ. ಹಿರಿಯ ಹುಡುಗನನ್ನು ನಿಲ್ಲಿಸುವಾಗ ತಾಯಿ ಮೆಲ್ಲಗೆ, “ಸ್ವಲ್ಪ ಬಗ್ಗೋ” ಎಂದದ್ದು ನಮಗೂ ಕೇಳಿಸಿತು, ಅಳೆಯುವವನಿಗೂ ಕೇಳಿಸಿತು. ಹುಡುಗ ಮಂಡಿ ಬಗ್ಗಿಸಿದ. ಅಳೆಯುವವನು ನಕ್ಕು, “ನೆಟ್ಟಗೆ ನಿಲ್ಲಪ್ಪ” ಎಂದ. ಹುಡುಗ ನೆಟ್ಟಗೆ ನಿಂತದ್ದರಿಂದ ಪೂರ್ಣದರವಾಯಿತು. ತಾಯಿಯ ಮುಖ ಕೆಂಪಾಯಿತು. ಮಕ್ಕಳು ನೆಟ್ಟಗೆ ನಿಲ್ಲಬೇಕೆಂದು ಜೀವಮಾನವೆಲ್ಲ ಹೇಳಿದ ನಮಗೆ ಆ ಕ್ಷಣದಲ್ಲಿ ಯಾರ ಪಕ್ಷ ವಹಿಸಬೇಕೋ ತಿಳಿಯಲಿಲ್ಲ.

ಲೆಕ್ಕ ಹಾಕಿ ನೋಡುವಾಗ ಅಜ್ಜಿ ತಾವಾಗಿಯೇ ಹಿಂದೆ ಸರಿದರು. “ನೀವೆಲ್ಲ ಹೋಗಿ ಬನ್ನಿ. ನೀರಾಟ ನಂಗ್ಯಾಕೆ? ಇಲ್ಲೇ ಮರದ ಕೆಳಗೆ ಕೂತಿರ್ತೀನಿ.” ಮಗನು ಬೇಡವೆಂದ, ಆದರೆ ಎರಡನೆಯ ಸಲ ಬೇಡವೆನ್ನಲಿಲ್ಲ. ನಾವೂ ಅಜ್ಜಿಯ ಜೊತೆ ಉಳಿದೆವು. ಅಲ್ಲಿ ಕುಳಿತಾಗ ಕಂಡುದೇನೆಂದರೆ, ಹೊರಗುಳಿದವರು ನಾವಿಬ್ಬರೇ ಅಲ್ಲ. ಮರಗಳ ಕೆಳಗೆಲ್ಲ ಬುತ್ತಿಯ ಚೀಲಗಳನ್ನು ಕಾಯುತ್ತ ಮುದುಕಿಯರೂ ಮುದುಕರೂ ಕುಳಿತಿದ್ದರು. ಒಬ್ಬ ತಂದೆಯಂತೂ ಹೆಂಡತಿ ಮಕ್ಕಳನ್ನು ಒಳಗೆ ಕಳುಹಿಸಿ, ತಾನು ಚಾಲಕನೊಡನೆ ಎಲೆಯಡಿಕೆ ಹಾಕಿಕೊಂಡು ಕಾಲ ಕಳೆಯುತ್ತಿದ್ದನು. ದರವನ್ನು ತಲೆಗಿಷ್ಟೆಂದು ಬರೆದಿರುತ್ತಾರೆ; ತೆರುವುದು ಮಾತ್ರ ಒಂದು ಮನೆ. ಆ ಮನೆಯಲ್ಲಿ ಯಾರನ್ನು ಬಿಡುವುದೆಂಬ ಪ್ರಶ್ನೆ ಬಂದಾಗ ಮೊದಲು ಎದ್ದು ನಿಲ್ಲುವವರು ಅಜ್ಜಿಯರು.

ಸಂಜೆಗೆ ಹೊರಬಂದವರ ಮಾತುಗಳನ್ನೂ ಕೇಳಿದೆವು. ಒಳಗಿನ ಆಟಗಳ ದರವನ್ನು ಬಯ್ದವರು ಕೆಲವರು. ಆದರೆ ಹೆಚ್ಚು ಜನ ಸಿಟ್ಟಾಗಿದ್ದುದು ನಿಲುಗಡೆಯ ಹಣಕ್ಕೆ, ಬುತ್ತಿ ಒಳಗೆ ತರಬಾರದೆಂಬ ಕಟ್ಟಳೆಗೆ, ಅರಿವೆಯಿಡುವ ಪೆಟ್ಟಿಗೆಯ ಬಾಡಿಗೆಗೆ. ಕಂಡ ಸುಖಕ್ಕೆ ಕೊಟ್ಟ ದೊಡ್ಡ ಮೊತ್ತವನ್ನು ಮನಸ್ಸು ಮರೆಯುತ್ತದೆ. ಏನೂ ಕಾಣದೆ ಕೊಟ್ಟ ಚಿಲ್ಲರೆಯನ್ನು ಮರೆಯದು.

ಇದು ನಮ್ಮ ದೇಶದ ಗೋಳು ಮಾತ್ರವೆಂದು ತಿಳಿಯಬೇಡಿ. ಅಮೆರಿಕೆಯ ಡಿಸ್ನಿಲ್ಯಾಂಡು 1955ರಲ್ಲಿ ತೆರೆದಾಗ ದೊಡ್ಡವರಿಗೆ ಪ್ರವೇಶ ಒಂದು ಡಾಲರು. ಆಟಗಳ ಚೀಟಿಗಳನ್ನು ಬೇರೆಯಾಗಿ ಕೊಳ್ಳಬೇಕಾಗಿತ್ತು. 2024ರ ಅಕ್ಟೋಬರಿನಲ್ಲಿ ಅತ್ಯಂತ ಸಂದಣಿಯ ದಿನಗಳ ಟಿಕೆಟ್ಟು 206 ಡಾಲರಿಗೇರಿತು. ಆಟಗಳೆಲ್ಲ ಈಗ ಆ ಟಿಕೆಟ್ಟಿನೊಳಗೇ ಸೇರಿವೆಯೆಂಬುದನ್ನೂ ನ್ಯಾಯವಾಗಿ ಹೇಳಬೇಕು. ನಮ್ಮಲ್ಲಿಯೂ ದರವೆಲ್ಲ ಒಡೆಯರ ಚೀಲಕ್ಕೇ ಹೋಗುವುದಿಲ್ಲ. 2017ರಲ್ಲಿ ಇಂತಹ ಉದ್ಯಾನಗಳ ಪ್ರವೇಶಕ್ಕೆ ನೂರಕ್ಕೆ 28ರಂತೆ ತೆರಿಗೆ ಬಿದ್ದು, 2018ರ ಜನವರಿಯಲ್ಲಿ 18ಕ್ಕೆ ಇಳಿಯಿತು. ನೀರನ್ನು ಶುದ್ಧಮಾಡುವುದಕ್ಕೂ ಯಂತ್ರಗಳನ್ನು ದಿನದಿನವೂ ಪರೀಕ್ಷಿಸುವುದಕ್ಕೂ ಖರ್ಚುಂಟು. ಆ ವಿಷಯದಲ್ಲಿ ಜಿಪುಣತನ ಮಾಡಿದ ಉದ್ಯಾನಕ್ಕೆ ಮಕ್ಕಳನ್ನು ಬಿಟ್ಟಿಯಾಗಿ ಕರೆದರೂ ಕಳುಹಿಸಬಾರದು.

ಪುರಾತತ್ತ್ವ ಇಲಾಖೆಯ ಸ್ಮಾರಕಗಳ ದರವೂ ಏರಿದೆ. ಮೊದಲ ದರ್ಜೆಯವಕ್ಕೆ 10 ರೂಪಾಯಿ ಇದ್ದುದು 2016ರಲ್ಲಿ 30, 2018ರಲ್ಲಿ 40 ಆಯಿತು. ಎರಡನೆಯ ದರ್ಜೆಯವಕ್ಕೆ 5 ಇದ್ದುದು 15, ಅನಂತರ 25. ಆದರೆ ಅಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಹಣವಿಲ್ಲ. ಯಾವ ತಾಯಿಯೂ ಮಗನಿಗೆ ಬಗ್ಗೆಂದು ಹೇಳಬೇಕಾಗಿಲ್ಲ. ಈ ಅನುಕೂಲವನ್ನು ವೃದ್ಧರಿಗೂ, ಎಲ್ಲ ಕಡೆಯೂ ಕಲ್ಪಿಸಿದರೆ ಮರದ ಕೆಳಗೆ ಕುಳಿತವರಲ್ಲಿ ಅರ್ಧ ಜನ ಒಳಗೆ ಹೋದಾರು. ದರ ಏರಿಸಬೇಡಿರೆಂದು ನಾವು ಹೇಳುವುದಿಲ್ಲ. ಗುಡಿಯ ಕಲ್ಲನ್ನೂ ಕೊಳದ ನೀರನ್ನೂ ಕಾಪಾಡಲು ಹಣ ಬೇಕು. ಬೇಕಾದುದೆಲ್ಲವನ್ನೂ ಒಂದೇ ಕಡೆ, ಒಂದೇ ಫಲಕದಲ್ಲಿ, ಮನೆಯಿಂದ ಹೊರಡುವ ಮೊದಲೇ ತಿಳಿಯುವಂತೆ ಬರೆಯಲಿ. ಹೆಸರು ಹೇಳಲು ಇಷ್ಟವಿಲ್ಲದ ಒಂದು ಕ್ಷೇತ್ರದಲ್ಲಿ ನಿಲುಗಡೆಯ ಚೀಟಿಯ ಮೇಲೆ ಅಚ್ಚಾದ ಮೊತ್ತವೊಂದು, ಕೈನೀಡಿ ಕೇಳಿದ ಮೊತ್ತವಿನ್ನೊಂದಾಗಿದ್ದುದನ್ನು ನಾವೇ ಕಂಡಿದ್ದೇವೆ.

ಸುಂಕವೆಂಬ ನಮ್ಮ ಮಾತು ಸಂಸ್ಕೃತದ ಶುಲ್ಕದ ತದ್ಭವ. ಕೌಟಿಲ್ಯನು ಸುಂಕದ ಕಟ್ಟೆಯನ್ನು ಊರ ಮಹಾದ್ವಾರದ ಬಳಿ, ಬಾವುಟ ನೆಟ್ಟು ಸ್ಥಾಪಿಸಬೇಕೆಂದು ವಿಧಿಸಿದ್ದಾನೆ. ನಿಲುಗಡೆಯ ಗುತ್ತಿಗೆದಾರರು ಅರ್ಥಶಾಸ್ತ್ರವನ್ನು ಓದಿರಲಾರರು, ಆದರೂ ಕಟ್ಟೆಯೂ ಬಾವುಟವೂ ಇದ್ದಲ್ಲೇ ಇವೆ! ಅದೇ ಕೌಟಿಲ್ಯನು ಮದುವೆಗೆ, ದಾನಕ್ಕೆ, ದೇವಪೂಜೆಗೆ ಒಯ್ಯುವ ವಸ್ತುಗಳಿಗೆ ಸುಂಕ ಬೇಡವೆಂದೂ ಹೇಳಿದ್ದಾನೆ. ನಮ್ಮ ಶಾಸನಗಳಲ್ಲಿ ಸುಂಕದ ಅಧಿಕಾರಿಗಳು ತಮ್ಮ ಆದಾಯದ ಒಂದು ಪಾಲನ್ನು ದೇವರ ನಂದಾದೀಪಕ್ಕೆ ಬಿಟ್ಟುಕೊಟ್ಟ ಉಲ್ಲೇಖಗಳುಂಟು.

ಇವೆಲ್ಲಕ್ಕಿಂತ ಮಿಗಿಲಾದುದೊಂದಿದೆ. ಹೊಯ್ಸಳ ಮೂರನೆಯ ನರಸಿಂಹನ ಕಾಲದ, 1279ರ ಒಂದು ಶಾಸನ. ಆಗ ಕಾಶಿಯಲ್ಲಿದ್ದ ಜನರ ಮೇಲೆ ಅಲ್ಲಿನ ತುರುಷ್ಕ ಅಧಿಕಾರಿಗಳು ತೆರಿಗೆ ವಿಧಿಸಿದ್ದರು. ನರಸಿಂಹನು ಹೆಬ್ಬಾಳೆಯೆಂಬ ಗ್ರಾಮದ ವರ್ಷಾದಾಯವಾದ 645 ಹೊನ್ನನ್ನು ಆ ತೆರಿಗೆಯನ್ನು ಸಲ್ಲಿಸುವುದಕ್ಕೂ ವಿಶ್ವೇಶ್ವರನ ಸೇವೆಗೂ ಬಿಟ್ಟುಕೊಟ್ಟನು. ಅದರ ಪ್ರಯೋಜನ ಪಡೆದವರು ಕನ್ನಡಿಗರು ಮಾತ್ರವಲ್ಲ; ತೆಲುಗರು, ತುಳುವರು, ಮಲೆಯಾಳದವರು, ಗೌಡದೇಶದವರು ಕೂಡ. ತನ್ನ ರಾಜ್ಯದಿಂದ ಎಷ್ಟೋ ದೂರದ ಒಂದು ಊರಿನ ಬಾಗಿಲಲ್ಲಿ ಯಾರೋ ಹಣವಿಲ್ಲದೆ ನಿಲ್ಲಬಾರದೆಂದು ನಮ್ಮ ನಾಡಿನ ಒಂದು ಹಳ್ಳಿಯ ಫಸಲು ಹೋಗುತ್ತಿತ್ತು.

ಈ ಶಾಸನದ ಸಂಗತಿಯನ್ನು ಹಿಂದಿರುಗುವ ದಾರಿಯಲ್ಲಿ ಅಜ್ಜಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹಳ್ಳಿಯೋರು ಕಾಶಿ ನೋಡಿದ್ರಾ ಮೇಷ್ಟ್ರೇ?” ಎಂದು ಕೇಳಿದರು. ಮೊಮ್ಮಕ್ಕಳು ಅಷ್ಟರಲ್ಲಿ ಅವರ ತೊಡೆಯ ಮೇಲೆ ನಿದ್ದೆಹೋಗಿದ್ದರು; ಅವರ ತಲೆಗೂದಲು ಇನ್ನೂ ಒದ್ದೆಯಾಗಿಯೇ ಇತ್ತು.